ಹನ್ನೊಂದನೆಯ ಬಾಣ

“ಆರ್ಟ್ಸ್ ಕಾಲೇಜಿನವರಿಗೆ ರಾಕೆಟ್ಟು ಯಾಕೆ?” ಈ ವರ್ಷ ಈ ಪ್ರಶ್ನೆಯನ್ನು ನನಗೆ ಕೇಳದವರೇ ಇಲ್ಲ. ನಮ್ಮ ತಂದೆಯವರು ಕೇಳಿದರು. ಹಾಸ್ಟೆಲಿನ ಅಡುಗೆಯವರು ಕೇಳಿದರು. ರಸ್ತೆಯ ಆಚೆಯ ಸೈನ್ಸ್ ಕಾಲೇಜಿನ ಹುಡುಗರು ಕೇಳಿದರು. ಅವರ ದನಿಯಲ್ಲಿ ಮಾತ್ರ ಪ್ರಶ್ನೆಗಿಂತ ನಗುವಿನ ಪಾಲು ಹೆಚ್ಚಾಗಿದ್ದಿತು. ನಮ್ಮ ಕಾಲೇಜಿನ ಗಂಟೆ ಬಾರಿಸುವ ಹಿರಿಯ ಜವಾನರಂತೂ, “ಪದ್ಯ ಓದೋ ಮಕ್ಕಳು ನೀವು, ನಿಮಗ್ಯಾಕಪ್ಪ ಇದೆಲ್ಲ?” ಎಂದು ನಿಜವಾದ ಕನಿಕರದಿಂದಲೇ ಕೇಳಿದರು.

ಈ ಪ್ರಶ್ನೆಗೆ ಸಿದ್ಧವಾದ ಉತ್ತರವಿದ್ದುದು ಚರಿತ್ರೆಯ ಬಳಿ. ಇಲ್ಲಿ ಚರಿತ್ರೆ ಎಂದರೆ ಶಾಸ್ತ್ರವಲ್ಲ, ನನ್ನ ಮಿತ್ರ. ನಮ್ಮ ಸಂಘದಲ್ಲಿ ಒಬ್ಬರನ್ನೊಬ್ಬರು ಓದುವ ವಿಷಯದ ಹೆಸರಿನಿಂದ ಕರೆಯುವುದು ರೂಢಿಯಾಗಿತ್ತು. ಚರಿತ್ರೆ ಎದೆಯುಬ್ಬಿಸಿ ಹೇಳುತ್ತಿದ್ದ: “ರಾಕೆಟ್ಟು ಹೊರಗಿನಿಂದ ಬಂದದ್ದು ಅಂದುಕೊಂಡಿದ್ದೀರಾ? ನಮ್ಮ ಹಿರಿಯರು ಅದನ್ನು ಬಾಣ ಅನ್ನುತ್ತಿದ್ದರು. ಇವತ್ತಿಗೂ ಜಾತ್ರೆಯಲ್ಲಿ ಬಾಣ ಬಿರುಸು ಅನ್ನೋದಿಲ್ಲವೇ?” ಆಮೇಲೆ ಅವನು ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯದ ಬಾಣಗಳ ವಿಷಯಕ್ಕೆ ಬರುತ್ತಿದ್ದ. ಅವುಗಳ ಹೆಚ್ಚುಗಾರಿಕೆ ಕಬ್ಬಿಣದ ಕೊಳವೆಯಲ್ಲಿದ್ದಿತು. ರಟ್ಟಿನ ಕೊಳವೆ ತಾಳಲಾರದಷ್ಟು ಒತ್ತಡವನ್ನು ಕಬ್ಬಿಣ ತಾಳುತ್ತಿದ್ದುದರಿಂದ ಬಾಣ ಹೆಚ್ಚು ದೂರ ಹೋಗುತ್ತಿತ್ತು. 1780ರ ಪೊಳ್ಳಿಲೂರಿನ ಕಾಳಗದಲ್ಲಿ ಆಂಗ್ಲರು ಆ ಬಾಣಗಳ ರುಚಿ ಕಂಡರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆಲವನ್ನು ಇಂಗ್ಲೆಂಡಿಗೆ ಸಾಗಿಸಿದರು. ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ಮಾಡಿದ್ದು ಇವುಗಳ ಜಾಡು ಹಿಡಿದು. ಕೊನೆಗೆ ಚರಿತ್ರೆ ದನಿ ತಗ್ಗಿಸಿ ಹೇಳುವುದು: “ನಮ್ಮ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಒಂದು ಹಾಳುಬಾವಿಯ ಹೂಳು ತೆಗೆದರೆ ಸಿಕ್ಕಿದ್ದೇನು ಗೊತ್ತೇ? ಸಾವಿರಕ್ಕೂ ಹೆಚ್ಚು ಬಾಣ!” ಇಷ್ಟಾದ ಮೇಲೆ ಪ್ರಶ್ನೆ ಕೇಳಿದವರು ಸಾಮಾನ್ಯವಾಗಿ ಗಡಿಯಾರ ನೋಡಿಕೊಂಡು ಹೊರಟುಬಿಡುತ್ತಿದ್ದರು.

ಆದರೆ ನಿಜ ಹೇಳಬೇಕಾದರೆ ನಮ್ಮ ಸಂಘ ಹುಟ್ಟಿದ್ದು ದೇಶಾಭಿಮಾನದಿಂದಲ್ಲ, ಒಂದು ಸಿನಿಮಾದಿಂದ. ಇಂಗ್ಲಿಷ್ ಲೆಕ್ಚರರು ಒಂದು ಶನಿವಾರ ನಮಗೆ 1999ರ ‘ಅಕ್ಟೋಬರ್ ಸ್ಕೈ’ ಎಂಬ ಚಿತ್ರವನ್ನು ತೋರಿಸಿದರು. ಅಮೆರಿಕದ ಪಶ್ಚಿಮ ವರ್ಜೀನಿಯದಲ್ಲಿ ಕೋಲ್‌ವುಡ್ ಎಂಬ ಕಲ್ಲಿದ್ದಲ ಗಣಿಯ ಊರು. 1957ರ ಅಕ್ಟೋಬರ್ 4ರಂದು ರಷ್ಯದವರು ಸ್ಪುಟ್ನಿಕ್ ಹಾರಿಸಿದ ಸುದ್ದಿ ಕೇಳಿ ಹೋಮರ್ ಹಿಕಮ್ ಎಂಬ ಗಣಿಯೂರಿನ ಹುಡುಗ ಗೆಳೆಯರನ್ನು ಕೂಡಿಸಿ ರಾಕೆಟ್ಟು ಕಟ್ಟತೊಡಗುತ್ತಾನೆ. ಮೊದಲನೆಯದು ಅವನ ತಾಯಿಯ ಗುಲಾಬಿ ತೋಟದ ಬೇಲಿಯನ್ನು ಹಾರಿಸಿಬಿಡುತ್ತದೆ. ಅದೇ ಹುಡುಗರು 1960ರಲ್ಲಿ ಆ ದೇಶದ ರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಚಿನ್ನದ ಪದಕ ಗೆಲ್ಲುತ್ತಾರೆ. ಇದು ಕಟ್ಟುಕತೆಯಲ್ಲ; ಹಿಕಮ್ ಮುಂದೆ ಎಂಜಿನಿಯರಾಗಿ 1998ರಲ್ಲಿ ಬರೆದ ಆತ್ಮಕಥೆಯೇ ಈ ಚಿತ್ರಕ್ಕೆ ಮೂಲ. ಚಿತ್ರ ಮುಗಿದಾಗ ಕತ್ತಲಾಗಿತ್ತು. ಮನೆಗೆ ಹೋಗದೆ ಗೇಟಿನ ಬಳಿ ನಿಂತವರು ಐದು ಮಂದಿ. ಅದೇ ನಮ್ಮ ಸಂಘ.

ಲೆಕ್ಚರರು ಒಂದು ಷರತ್ತು ಹಾಕಿದರು: “ಮದ್ದು ಮುಟ್ಟಕೂಡದು. ನೀರಿನಲ್ಲಿ ಏನು ಹಾರಿಸುತ್ತೀರೋ ಹಾರಿಸಿ.” ನೀರಿನಿಂದ ಬೆಂಕಿ ಆರಿಸುವುದನ್ನು ಬಲ್ಲೆವೇ ಹೊರತು ರಾಕೆಟ್ ಹಾರಿಸುವುದು ನಮಗೆ ಹೊಸದು. ಆದರೆ ವಿಷಯ ಸುಲಭ. ಎರಡು ಲೀಟರಿನ ಸೋಡಾ ಬಾಟಲಿಯಲ್ಲಿ ಮೂರರಲ್ಲೊಂದು ಪಾಲು ನೀರು ಹಾಕಿ, ಬಾಯಿ ಬಿಗಿದು, ಸೈಕಲ್ ಪಂಪಿನಿಂದ ಗಾಳಿ ಒತ್ತಬೇಕು. ಒತ್ತಿದ ಗಾಳಿ ಮಡಿಸಿಟ್ಟ ಸ್ಪ್ರಿಂಗಿನಂತೆ. ಬಾಯಿ ತೆರೆದ ಕೂಡಲೆ ಅದು ನೀರನ್ನು ಕೆಳಕ್ಕೆ ನೂಕುತ್ತದೆ. ನೀರು ಕೆಳಕ್ಕೆ ಹೋದಂತೆ ಬಾಟಲಿ ಮೇಲಕ್ಕೆ ಹೋಗುತ್ತದೆ. ನೀರೇ ಇಲ್ಲದಿದ್ದರೆ ಬರಿಯ ಗಾಳಿ ಹಗುರ, ಅದರ ನೂಕು ಸಾಲದು. ನೀರು ಹೆಚ್ಚಾದರೆ ಬಾಟಲಿಯೂ ಭಾರ, ಗಾಳಿಗೂ ಜಾಗವಿಲ್ಲ. “ಬರಿಯ ಬಂಡವಾಳದಿಂದಲೂ ಆಗುವುದಿಲ್ಲ, ಬರಿಯ ದುಡಿಮೆಯಿಂದಲೂ ಆಗುವುದಿಲ್ಲ, ಎರಡರ ಪ್ರಮಾಣ ಸರಿಯಾಗಬೇಕು” ಎಂದು ಅರ್ಥಶಾಸ್ತ್ರ ತೀರ್ಪು ಕೊಟ್ಟ. ಅವನು ನಮ್ಮ ಖಜಾಂಚಿ. ತಲೆಗೆ ನೂರರಂತೆ ಐದು ನೂರು ರೂಪಾಯಿ ಅವನ ಕೈಯಲ್ಲಿದ್ದಿತು. ಬಾಟಲಿಗಳು ಮದುವೆ ಛತ್ರದ ಹಿಂದೆ ಪುಕ್ಕಟೆ ಸಿಕ್ಕಿದವು.

ಭೂಗೋಳ ನಮ್ಮಲ್ಲಿ ಏಕಮಾತ್ರ ಹುಡುಗಿ, ಏಕಮಾತ್ರ ಶಿಸ್ತುಗಾರ್ತಿ. ಎತ್ತರ ಅಳೆಯುವುದು ಅವಳ ಕೆಲಸ. ಜ್ಯಾಮಿತಿ ಪೆಟ್ಟಿಗೆಯ ಕೋನಮಾಪಕಕ್ಕೆ ದಾರ ಕಟ್ಟಿ, ದಾರಕ್ಕೊಂದು ನಟ್ಟು ತೂಗಿಬಿಟ್ಟು, ಬಾಣ ಬಿಡುವ ಜಾಗದಿಂದ ಸರಿಯಾಗಿ 50 ಮೀಟರ್ ದೂರದಲ್ಲಿ ನಿಲ್ಲುವಳು. ಬಾಣ ತುದಿ ಮುಟ್ಟಿದಾಗ ಅವಳು ಕಂಡ ಕೋನ 45 ಡಿಗ್ರಿಯಾದರೆ ಎತ್ತರವೂ 50 ಮೀಟರ್, ಅದರ ಮೇಲೆ ಅವಳ ಕಣ್ಣಿನ ಎತ್ತರ ಒಂದೂವರೆ ಮೀಟರ್. ಆ ಒಂದೂವರೆ ಮೀಟರನ್ನು ಬಿಟ್ಟುಕೊಡಲು ಅವಳು ಎಂದೂ ಒಪ್ಪಿದವಳಲ್ಲ. ಎಲ್ಲರೂ ಹದಿನೈದು ಮೀಟರ್ ಹಿಂದೆ ನಿಲ್ಲಬೇಕು, ಪಂಪಿನ ಮುಳ್ಳು 60 ಪೌಂಡಿನ ಮೇಲೆ ಹೋಗಕೂಡದು, ಸುಕ್ಕಿದ ಬಾಟಲಿಯನ್ನು ಮತ್ತೆ ಉಪಯೋಗಿಸಕೂಡದು ಎಂಬ ಶಾಸನಗಳೂ ಅವಳವೇ.

ಐದನೆಯವನು ಸಮಾಜಶಾಸ್ತ್ರ, ಆದರೆ ಅವನನ್ನು ಯಾರೂ ಹಾಗೆ ಕರೆಯಲಿಲ್ಲ. ಅವನು ಮೇಸ್ತ್ರಿ. ಕಾಲೇಜು ಬಿಟ್ಟ ಮೇಲೆ ರಾತ್ರಿ ಎಂಟೂವರೆಯವರೆಗೆ ತನ್ನ ಸೋದರಮಾವನ ಸೈಕಲ್ ಶಾಪಿನಲ್ಲಿ ದುಡಿಯುತ್ತಿದ್ದ. ನಾವು ನಾಲ್ವರು ಮಾತನಾಡುತ್ತಿದ್ದುದನ್ನು ಅವನು ಮಾಡಿ ತೋರಿಸುತ್ತಿದ್ದ. ರಬ್ಬರ್ ಬಿರಡೆಗೆ ರಂಧ್ರ ಕೊರೆದು ಹಳೆಯ ಟ್ಯೂಬಿನ ವಾಲ್ವು ಕೂಡಿಸಿದವನು ಅವನು. ಬಾಟಲಿಯ ಕತ್ತನ್ನು ಹಿಡಿದು ನಿಲ್ಲಿಸಿ, ದೂರದಿಂದ ಸೈಕಲ್ ಬ್ರೇಕಿನ ತಂತಿ ಎಳೆದರೆ ಬಿಡುವಂಥ ಕೊಂಡಿಯನ್ನು ಮಾಡಿದವನು ಅವನು. ಚುನಾವಣೆಯಲ್ಲಿ ಸೋತವರ ಪ್ಲಾಸ್ಟಿಕ್ ಫಲಕಗಳನ್ನು ಕತ್ತರಿಸಿ ಬಾಲಕ್ಕೆ ಗರಿ ಅಂಟಿಸಿದವನೂ ಅವನೇ.

ಗರಿ ಎಂಬ ಪದ ನನ್ನ ಕಾಣಿಕೆ. ಕನ್ನಡ ಮೇಜರಿನವನಾದ ನನಗೆ ಸಂಘದಲ್ಲಿ ಬೇರೆ ಉದ್ಯೋಗವಿಲ್ಲದ್ದರಿಂದ ದಾಖಲೆ ಪುಸ್ತಕವನ್ನು ಒಪ್ಪಿಸಿದ್ದರು. ಬಾಣದ ಸಂಖ್ಯೆ, ನೀರು, ಒತ್ತಡ, ಕೋನ, ಎತ್ತರ, ಸೋತರೆ ಕಾರಣ ಎಂದು ಆರು ಅಂಕಣ ಎಳೆದು ಬರೆಯುತ್ತಿದ್ದೆ. ಬಿಲ್ಲಿನ ಬಾಣಕ್ಕೆ ಮುಂದೆ ಕಬ್ಬಿಣದ ಮೊನೆ, ಹಿಂದೆ ಹಕ್ಕಿಯ ಗರಿ ಏಕೆಂಬುದು ನನಗೆ ತಿಳಿದದ್ದು ಕಾವ್ಯದ ತರಗತಿಯಲ್ಲಲ್ಲ, ಮೈದಾನದಲ್ಲಿ. ಬಾಣದ ತೂಕದ ಕೇಂದ್ರ ಮುಂದಿರಬೇಕು. ಗಾಳಿಯ ಒತ್ತಡ ಬೀಳುವ ಕೇಂದ್ರ ಅದಕ್ಕಿಂತ ಹಿಂದಿರಬೇಕು. ಆಗ ಬಾಣ ಸ್ವಲ್ಪ ವಾಲಿದರೂ ಗಾಳಿಯೇ ಬಾಲವನ್ನು ನೂಕಿ ನೆಟ್ಟಗೆ ಮಾಡುತ್ತದೆ. ಟಿಪ್ಪುವಿನ ಬಾಣಗಳಿಗೆ ಕಟ್ಟುತ್ತಿದ್ದ ಉದ್ದನೆಯ ಬಿದಿರು ಮಾಡುತ್ತಿದ್ದುದೂ ಇದೇ ಕೆಲಸ. ನಮ್ಮ ಮೊದಲ ಎರಡು ಬಾಣಗಳು ಗಾಳಿಯಲ್ಲಿ ಲಾಗ ಹಾಕಿದ ಮೇಲೆ ಮೇಸ್ತ್ರಿ ಮೂತಿಯೊಳಗೆ ಒಂದು ಉಂಡೆ ಜೇಡಿಮಣ್ಣನ್ನು ಟೇಪಿನಿಂದ ಬಿಗಿದ. ಅಂದಿನಿಂದ ಪ್ರತಿ ಬಾಣವನ್ನೂ ಬಿಡುವ ಮುನ್ನ ನಡುವಿಗೆ ದಾರ ಕಟ್ಟಿ ತಲೆಯ ಸುತ್ತ ಬೀಸಿ ನೋಡುವುದು ನಿಯಮವಾಯಿತು. ಮೂತಿ ಮುಂದಾಗಿ ತಿರುಗಿದರೆ ಬಾಣ ಯೋಗ್ಯ, ಇಲ್ಲದಿದ್ದರೆ ಇಲ್ಲ. ಈ ಬೀಸುವ ಕೆಲಸವನ್ನೂ ನನಗೇ ವಹಿಸಿದ್ದರು.

ಏಳನೆಯ ಬಾಣ 38 ಡಿಗ್ರಿ ತೋರಿಸಿತು. ಲೆಕ್ಕ ಹಾಕಿದರೆ ಭೂಗೋಳದ ಒಂದೂವರೆ ಮೀಟರೂ ಸೇರಿ ಸುಮಾರು ನಲವತ್ತೂವರೆ ಮೀಟರ್. ಆ ದಿನ ಚರಿತ್ರೆ ಪುಸ್ತಕ ಹುಡುಕಿ ತಂದು ಸಾರಿದ: 1926ರ ಮಾರ್ಚ್ 16ರಂದು ಅಮೆರಿಕದ ಆಬರ್ನ್ ಎಂಬಲ್ಲಿ ರಾಬರ್ಟ್ ಗೊಡಾರ್ಡ್ ಹಾರಿಸಿದ, ದ್ರವ ಇಂಧನದಿಂದ ಹಾರಿದ ಪ್ರಪಂಚದ ಮೊಟ್ಟಮೊದಲ ರಾಕೆಟ್ಟು ಏರಿದ್ದು ಸುಮಾರು ಹನ್ನೆರಡೂವರೆ ಮೀಟರ್, ಆಕಾಶದಲ್ಲಿದ್ದದ್ದು ಎರಡೂವರೆ ಸೆಕೆಂಡು. “ಗೊಡಾರ್ಡನ ಮೂರರಷ್ಟು!” ಎಂದು ಕುಣಿದೆವು. ಅವನು ಉರಿಸಿದ್ದು ಪೆಟ್ರೋಲು ಮತ್ತು ದ್ರವ ಆಮ್ಲಜನಕ, ನಾವು ಚೆಲ್ಲಿದ್ದು ಪಂಚಾಯಿತಿ ನಲ್ಲಿಯ ನೀರು ಎಂದು ಅರ್ಥಶಾಸ್ತ್ರ ನೆನಪಿಸಿದರೂ ನಮ್ಮ ಕುಣಿತ ನಿಲ್ಲಲಿಲ್ಲ.

ಸಂಜೆ ಮೈದಾನದ ಮೂಲೆಯ ಮಾವಿನ ಮರದ ಕೆಳಗೆ ಕೂತು ಒಂದು ಪೊಟ್ಟಣ ಕಡಲೆಪುರಿಯನ್ನು ಐದು ಪಾಲು ಮಾಡಿಕೊಳ್ಳುವಾಗ ಓದಿದ್ದನ್ನು ಹಂಚಿಕೊಳ್ಳುತ್ತಿದ್ದೆವು. ನಮಗೆಲ್ಲ ಬಹಳ ಪ್ರಿಯವಾದದ್ದು ಕ್ಯಾಲಿಫೋರ್ನಿಯದ ಒಂದು ಗುಂಪಿನ ಕತೆ. ಫ್ರಾಂಕ್ ಮಲೀನ ಎಂಬ ವಿದ್ಯಾರ್ಥಿ, ಕಾಲೇಜು ಪದವಿಯಿಲ್ಲದ ಜ್ಯಾಕ್ ಪಾರ್ಸನ್ಸ್ ಮತ್ತು ಎಡ್ ಫಾರ್ಮನ್ ಎಂಬ ಗೆಳೆಯರು ಸೇರಿ 1936ರ ಅಕ್ಟೋಬರ್ 31ರಂದು ಪ್ಯಾಸಡೀನದ ಒಂದು ಒಣಹಳ್ಳದಲ್ಲಿ ಮೊದಲ ಸಲ ತಮ್ಮ ರಾಕೆಟ್ ಯಂತ್ರವನ್ನು ಉರಿಸಿ ನೋಡಿದರು. ಕೊನೆಯ ಪ್ರಯತ್ನದಲ್ಲಿ ಆಮ್ಲಜನಕದ ಕೊಳವೆಗೆ ಬೆಂಕಿ ಹತ್ತಿ ಅದು ಹಾವಿನಂತೆ ಹೊಡೆದಾಡತೊಡಗಿತು. ಎಲ್ಲರೂ ದಿಕ್ಕಾಪಾಲಾಗಿ ಓಡಿದರು. ಆದರೆ ಮತ್ತೆ ಅಲ್ಲಿಗೇ ಬಂದರು. 1937ರ ಜನವರಿಯಲ್ಲಿ ಯಂತ್ರ 44 ಸೆಕೆಂಡು ಉರಿಯಿತು. ಅವರ ಕಾಲೇಜಿನವರು ಅವರಿಗಿಟ್ಟ ಅಡ್ಡಹೆಸರು ‘ಆತ್ಮಹತ್ಯಾ ದಳ’. ವೆಲ್ಡ್ ಆರ್ನಲ್ಡ್ ಎಂಬ ಇನ್ನೊಬ್ಬ ವಿದ್ಯಾರ್ಥಿ ಆ ಕೆಲಸಕ್ಕೆ ಸಾವಿರ ಡಾಲರ್ ಕೊಡುತ್ತೇನೆಂದು ಹೇಳಿ, ಚಿಲ್ಲರೆ ನೋಟುಗಳನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿಕೊಂಡು ತಂದನಂತೆ. ಮುಂದೆ ಹೆಸರಾಂತ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಹುಟ್ಟಿದ್ದು ಆ ಗುಂಪಿನಿಂದ. “ಎಲ್ಲರೂ ಓಡಿಹೋದರಲ್ಲ, ಅದು ದೊಡ್ಡದಲ್ಲ. ಓಡಿದವರೆಲ್ಲ ವಾಪಸು ಬಂದರಲ್ಲ, ಅದು ದೊಡ್ಡದು” ಎಂದು ಮೇಸ್ತ್ರಿ ಒಮ್ಮೆ ಹೇಳಿದ. ಆಗ ನಾನು ಆ ಮಾತನ್ನು ಮೆಚ್ಚಿ ತಲೆದೂಗಿದೆ. ಅದು ನನಗೇ ತಾಗುವ ಮಾತೆಂದು ಆಗ ತಿಳಿಯಲಿಲ್ಲ.

ಕಾಲೇಜ್ ಡೇ ಬಂದಿತು. ನಮ್ಮ ಬಾಣವನ್ನು ಅತಿಥಿಗಳ ಮುಂದೆ ಹಾರಿಸಲು ಪ್ರಿನ್ಸಿಪಾಲರು ಒಪ್ಪಿದರು. ಹನ್ನೊಂದನೆಯ ಬಾಣಕ್ಕೆ ಮೇಸ್ತ್ರಿ ಹಿಂದಿನ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂತು ಹೊಸ ಗರಿ ಅಂಟಿಸಿದ್ದ. ಬೆಳಿಗ್ಗೆ ಬಾಣವನ್ನು ನನ್ನ ವಶಕ್ಕೆ ಕೊಟ್ಟು ಕೊಂಡಿ ಜೋಡಿಸಲು ಹೋದ. ಆಗ ನನ್ನೊಳಗಿನ ಕವಿ ಎಚ್ಚೆತ್ತ. ಬಾಣ ಬರಿದೇ ಹಾರಿ ಬಿದ್ದರೆ ಏನು ಸೊಗಸು? ಮೇಲಿನಿಂದ ಹೂಮಳೆ ಸುರಿಯಬೇಡವೇ? ವೇದಿಕೆಯ ಹಾರದಿಂದ ಒಂದು ಹಿಡಿ ಸೇವಂತಿಗೆ ಎಸಳು ಕಿತ್ತೆ. ಮೂತಿಯೊಳಗೆ ಜಾಗವಿರಲಿಲ್ಲ. ಬ್ಲೇಡಿನಿಂದ ಟೇಪು ಕುಯ್ದು ಮಣ್ಣಿನುಂಡೆಯನ್ನು ತೆಗೆದು ಕಿಟಕಿಯ ಹೊರಗೆ ಎಸೆದೆ. ಎಸಳು ತುಂಬಿ, ತುದಿಗೆ ತೆಳು ಕಾಗದ ಅಂಟಿಸಿದೆ. ದಾರ ಕಟ್ಟಿ ಬೀಸಿ ನೋಡಬೇಕೆಂಬುದು ನೆನಪಾಗಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ನೆನಪಾಯಿತು, ಅತಿಥಿಗಳು ಬಂದರೆಂದು ಯಾರೋ ಕೂಗಿದರು, ಬಿಟ್ಟುಬಿಟ್ಟೆ.

ಮುಂದಿನದನ್ನು ಆ ದಿನ ಅಲ್ಲಿದ್ದ ವಾಚಕರು ಬಲ್ಲರು. ಎಲ್ಲರ ಕೈಯಲ್ಲೂ ಮೊಬೈಲು ಮೇಲೆದ್ದಿತ್ತು. ಬಾಣ ಎರಡು ಮಹಡಿಯಷ್ಟು ಏರಿತೋ ಇಲ್ಲವೋ, ಕುಡಿದವನಂತೆ ತೂರಾಡಿ, ಮಗುಚಿ, ಶಾಮಿಯಾನದ ಅಂಚಿಗೆ ಬಡಿದು ವೇದಿಕೆಯ ಮುಂದೆ ಉರುಳಿತು. ಯಾರಿಗೂ ಪೆಟ್ಟಾಗಲಿಲ್ಲ. ಹೂವೇನೋ ಚೆಲ್ಲಿತು, ನೆಲದ ಮೇಲೆ. ಮೊದಲು ಮೌನ, ಆಮೇಲೆ ನಗು. ಸೈನ್ಸ್ ಕಾಲೇಜಿನ ಮಿತ್ರರ ನಗು ಎಲ್ಲಕ್ಕಿಂತ ಕಡೆಗೆ ನಿಂತಿತು. ಪ್ರಿನ್ಸಿಪಾಲರು ದೊಡ್ಡ ಮನಸ್ಸಿನಿಂದ “ಪ್ರಯತ್ನ ಮುಖ್ಯ” ಎಂದು ಮೈಕಿನಲ್ಲಿ ಹೇಳಿದ್ದು ನಮಗೆ ಇನ್ನಷ್ಟು ನಾಚಿಕೆ ತಂದಿತು.

ಮಾವಿನ ಮರದ ಕೆಳಗೆ ವಿಚಾರಣೆ ನಡೆಯಿತು. ಬಾಣದ ಒಂದು ಗರಿ ಮುರಿದು ಜೋತಾಡುತ್ತಿದ್ದಿತು. ಮೂತಿ ಜಜ್ಜಿಹೋಗಿತ್ತು, ಮಣ್ಣು ಬಿದ್ದ ರಭಸಕ್ಕೆ ಉದುರಿರಬೇಕೆಂದು ಎಲ್ಲರೂ ಭಾವಿಸಿದರು. “ಗರಿ ಸರಿಯಾಗಿ ಅಂಟಿಸಿದ್ದೆಯೇನೋ?” ಎಂದು ಚರಿತ್ರೆ ಕೇಳಿದ. ಮೇಸ್ತ್ರಿ ಬಾಣವನ್ನು ತಿರುಗಿಸಿ ಮುರುಗಿಸಿ ನೋಡಿದ. ಮೂತಿಯೊಳಗೆ ಬೆರಳು ಹಾಕಿ ನೋಡಿದ. ಆಮೇಲೆ ನನ್ನ ಮುಖ ನೋಡಿದ. ನಾನು ಪುಸ್ತಕದಲ್ಲಿ ತಲೆ ತಗ್ಗಿಸಿದ್ದೆ. “ಅಂಟು ಒಣಗಿರಲಿಲ್ಲವೇನೋ” ಎಂದ. ಭೂಗೋಳ ಸಿಟ್ಟಿನಿಂದ, “ರಾತ್ರಿ ಹತ್ತಕ್ಕೆ ಅಂಟಿಸಿದರೆ ಒಣಗುತ್ತದೆಯೇ? ಎರಡು ದಿನ ಮುಂಚೆ ಮಾಡಬೇಕಿತ್ತು” ಎಂದಳು. ಮುಂಚೆ ಮಾಡಲು ಅವನಿಗೆ ಬಿಡುವಿರಲಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು, ಯಾರೂ ಹೇಳಲಿಲ್ಲ. ನಾನು ಕಾರಣದ ಅಂಕಣದಲ್ಲಿ ‘ಗರಿ ಸಡಿಲ’ ಎಂದು ದುಂಡಗೆ ಬರೆದೆ.

ಮರುದಿನದಿಂದ ಮೇಸ್ತ್ರಿ ಮೈದಾನಕ್ಕೆ ಬರಲಿಲ್ಲ. ತರಗತಿ ಮುಗಿದ ಕೂಡಲೆ ಸೈಕಲ್ ಹತ್ತಿ ಹೋಗುತ್ತಿದ್ದ. ಅವನಿಲ್ಲದೆ ನಾವು ನಾಲ್ವರು ಎರಡು ಸಲ ಸೇರಿದೆವು. ಪಂಪಿನ ವಾಷರು ಬದಲಿಸುವುದು ಯಾರಿಗೂ ಬರಲಿಲ್ಲ. ಕಡಲೆಪುರಿಯನ್ನು ನಾಲ್ಕು ಪಾಲು ಮಾಡುವುದು ಐದು ಪಾಲಿಗಿಂತ ಸುಲಭ; ಆದರೂ ತಿನ್ನುವ ಮನಸ್ಸಿರಲಿಲ್ಲ. ನಾನು ಪ್ರತಿ ರಾತ್ರಿ ಒಂದೊಂದು ಸಮಾಧಾನ ಹೇಳಿಕೊಂಡೆ: ಗರಿಯೂ ಸಡಿಲವಾಗಿದ್ದಿರಬಹುದು, ಅವನೇ ಒಪ್ಪಿಕೊಂಡನಲ್ಲ, ಪರೀಕ್ಷೆ ಬಂದರೆ ಎಲ್ಲರೂ ಮರೆಯುತ್ತಾರೆ. ಹೀಗೆ ಹತ್ತೊಂಬತ್ತು ದಿನ ಕಳೆದವು.

ಇಪ್ಪತ್ತನೆಯ ದಿನ ಪುಸ್ತಕ ಹಿಡಿದುಕೊಂಡು ಸೈಕಲ್ ಶಾಪಿಗೆ ಹೋದೆ. ಅವನು ಒಂದು ಚಕ್ರದ ಕಡ್ಡಿ ಬಿಗಿದು ಡೊಂಕು ತೆಗೆಯುತ್ತಿದ್ದ. “ಏನೋ, ಪಂಕ್ಚರೇ?” ಎಂದ.

“ಅಲ್ಲ. ಮಣ್ಣು ತೆಗೆದದ್ದು ನಾನು” ಎಂದೆ.

ಅವನು ತಲೆಯೆತ್ತಲಿಲ್ಲ. “ಗೊತ್ತು. ಟೇಪು ಹರಿದಿರಲಿಲ್ಲ, ಬ್ಲೇಡಲ್ಲಿ ಕುಯ್ದಿತ್ತು.”

“ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?”

“ಪುಸ್ತಕ ಬರೆಯೋನು ನೀನು. ನೀನೇ ಬರೀತೀಯ ಅಂತ ಕಾದೆ.” ಚಕ್ರವನ್ನು ಒಮ್ಮೆ ತಿರುಗಿಸಿ ಬಿಟ್ಟ. “ಮಾರನೇ ದಿನ ಬಂದಿದ್ದರೆ ನಕ್ಕು ಸುಮ್ಮನಾಗ್ತಿದ್ದೆ ಕಣೋ. ಈಗ ನಗು ಬರಲ್ಲ.”

ನಾನು ನಿಂತೇ ಇದ್ದೆ. ಅವನ ಮಾವ ಒಳಗಿನಿಂದ ಚಹ ಕಳಿಸಿದರು. ಇಬ್ಬರೂ ಕುಡಿದೆವು, ಮಾತಿಲ್ಲದೆ. ಹೊರಡುವಾಗ, “ಭಾನುವಾರ ಅಂಗಡಿ ರಜಾ. ನೋಡೋಣ” ಎಂದ.

ಮಿಕ್ಕ ಮೂವರಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಚರಿತ್ರೆ, “ಮೂಲ ದಾಖಲೆಯಲ್ಲೇ ಸುಳ್ಳು ಬರೆದೆಯಲ್ಲೋ!” ಎಂದು ಉರಿದುಬಿದ್ದ. ಭೂಗೋಳ ಏನೂ ಹೇಳದೆ ಬಹಳ ಹೊತ್ತು ಕೂತಿದ್ದು, “ಅವನ ಹತ್ತಿರ ಹಾಗೆ ಮಾತಾಡಿದೆನಲ್ಲ” ಎಂದಷ್ಟೇ ಅಂದಳು. ನಾನು ರಬ್ಬರು ತೆಗೆದು ‘ಗರಿ ಸಡಿಲ’ ಎಂಬುದನ್ನು ಅಳಿಸಹೊರಟಾಗ ಅರ್ಥಶಾಸ್ತ್ರ ಕೈ ಹಿಡಿದ: “ಲೆಕ್ಕದ ಪುಸ್ತಕದಲ್ಲಿ ಅಳಿಸಬಾರದು. ಒಂದೇ ಗೆರೆ ಎಳೆ, ಪಕ್ಕದಲ್ಲಿ ಸರಿಯಾದದ್ದು ಬರೆ, ಸಹಿ ಹಾಕು.” ಹಾಗೆಯೇ ಮಾಡಿದೆ: ‘ಮೂತಿಯ ಮಣ್ಣು ತೆಗೆದದ್ದು, ಬೀಸಿ ನೋಡದ್ದು.’ ಕೆಳಗೆ ನನ್ನ ಸಹಿ.

ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಪ್ರೇಕ್ಷಕರೆಂದರೆ ಮೇಯುತ್ತಿದ್ದ ಎರಡು ಎಮ್ಮೆಗಳು. ಏಳೂವರೆಗೆ ಗೇಟಿನಲ್ಲಿ ಸೈಕಲ್ ಗಂಟೆ ಕೇಳಿಸಿತು. ಮೇಸ್ತ್ರಿ ಪಂಪಿಗೆ ಹೊಸ ವಾಷರು ಹಾಕಿಕೊಂಡೇ ಬಂದಿದ್ದ. ಭೂಗೋಳ ಅವನೆದುರು ಹೋಗಿ ನಿಂತು, “ತಪ್ಪಾಯಿತು” ಎಂದಳು. “ಆಯ್ತು, ನಿನ್ನ ಐವತ್ತು ಮೀಟರಿಗೆ ಹೋಗು” ಎಂದ. ಅವನು ಮಣ್ಣಿನುಂಡೆಯನ್ನು ನನ್ನ ಕೈಗೇ ಕೊಟ್ಟ, ನಾನು ಬಿಗಿದೆ. ದಾರ ಕಟ್ಟಿ ಬೀಸಿದೆ; ಎಲ್ಲರೂ ನೋಡಿದರು. ಹನ್ನೆರಡನೆಯ ಬಾಣ ಕೊಂಡಿ ಬಿಟ್ಟು ನೆಟ್ಟಗೆ ಹೋಯಿತು; ಮಾವಿನ ಮರವನ್ನು ದಾಟಿತು; ಒಂದು ಕ್ಷಣ ನಿಂತಂತೆ ಕಂಡಿತು. “ನಲವತ್ತೆರಡು!” ಎಂದು ದೂರದಿಂದ ಭೂಗೋಳ ಕೂಗಿದಳು. ನಲವತ್ತೈದು ಮೀಟರ್, ಜೊತೆಗೆ ಅವಳ ಒಂದೂವರೆ. ನಮ್ಮಲ್ಲಿ ಅದೇ ಅತಿ ಹೆಚ್ಚಿನದು. ಮೇಸ್ತ್ರಿ ನನ್ನ ಕಡೆ ತಿರುಗಿ, “ಬರ್ಕೊ” ಎಂದ. ನಕ್ಕನೆಂದು ಹೇಳಲಾರೆ, ಆದರೆ ಅಂದು ಕಡಲೆಪುರಿ ಐದು ಪಾಲಾಯಿತು.

ನಾವು ಐವರೂ ಈ ವರ್ಷ ಬಿ.ಎ. ಮುಗಿಸಿ ಹೋಗುವವರು. ಪಂಪು, ಕೊಂಡಿ, ಕೋನಮಾಪಕ ಮತ್ತು ದಾಖಲೆ ಪುಸ್ತಕ ಇವುಗಳನ್ನು ಇಂಗ್ಲಿಷ್ ಲೆಕ್ಚರರ ಬೀರುವಿನಲ್ಲಿ ಇಟ್ಟಿದ್ದೇವೆ. ಮುಂದಿನ ವರ್ಷದ ಯಾರಾದರೂ ಕೇಳಿ ತೆಗೆದುಕೊಳ್ಳಬಹುದು. ಹನ್ನೊಂದನೆಯ ಬಾಣದ ಸಾಲಿನಲ್ಲಿ ಒಂದು ಕಡೆ ಗೆರೆ ಎಳೆದಿದೆ. ಗೆರೆಯ ಕೆಳಗಿನ ಮಾತನ್ನು ಈಗಲೂ ಓದಬಹುದು. ಅದನ್ನು ಓದಿದವರು, ಪಕ್ಕದ ಸಹಿ ಯಾರದೆಂದು ಕೇಳಬೇಕಾಗಿಲ್ಲ.